‘ಕಪ್ಪು’ ಅನ್ನೋಕೆ ‘ತಪ್ಪು’ ಅಂತಾಳೆ: ಮಕ್ಕಳ ಉಚ್ಚಾರಣೆ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಮಗು ಮಾತಾಡತ್ತೆ, ಆದ್ರೆ ಕೆಲವು ಅಕ್ಷರಕ್ಕೆ ನಾಲಿಗೆ ತಿರುಗಲ್ಲ, ಏನ್ಮಾಡೋದು ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಕ್ಕೆ ಹಾಕಿ ಇವತ್ತು ಪೂರ್ತಿ ಇದನ್ನೇ ತಗೊಂಡಿದೀನಿ. ನಾನು ಸ್ಪೀಚ್ ಥೆರಪಿಸ್ಟ್, ನನ್ನ ಕೆಲಸದ ದಿನ ಪೂರ್ತಿ ಇಂಥ ಪುಟಾಣಿಗಳ ಜೊತೆ ನೆಲದ ಮೇಲೆ ಕೂತೇ ಕಳೆಯೋದು, ಆದ್ರಿಂದ ಇಲ್ಲಿ ಬರೆದಿರೋದ್ರಲ್ಲಿ ಓದಿ ಕಲ್ತಿದ್ದೂ ಇದೆ, ಮಕ್ಕಳ ಬಾಯಿ ನೋಡಿ ನೋಡಿ ಕಲ್ತಿದ್ದೂ ಇದೆ.

ಪ್ರಶ್ನೆ: ನನ್ನ ಮಗಳಿಗೆ 3 ವರ್ಷ 2 ತಿಂಗಳು. ದಿನಪೂರ್ತಿ ವಟವಟ ಅಂತಿರ್ತಾಳೆ, ಆದ್ರೆ ಕ, ಗ ಎರಡೂ ಬರಲ್ಲ. ಕಾಗೆಗೆ ‘ತಾದೆ’, ಗಿಡಕ್ಕೆ ‘ದಿಡ’. ನಾನು ದಿನಾ ಕೂರಿಸ್ಕೊಂಡು ‘ಕಾ... ಗೆ... ಹೇಳು’ ಅಂತ ಹತ್ತು ಸಲ ಹೇಳಿಸ್ತೀನಿ, ಅವ್ಳು ಹತ್ತು ಸಲಾನೂ ‘ತಾ... ದೆ’ ಅಂತಾಳೆ. ಈಗೀಗ ‘ಹೇಳು’ ಅಂದ್ರೆ ಸಾಕು ಎದ್ದು ಓಡ್ತಾಳೆ. ಅವಳಿಗೆ ಎರಡಕ್ಕೂ ವ್ಯತ್ಯಾಸ ಕೇಳಿಸ್ತಾನೇ ಇಲ್ವಾ? – ಒಬ್ಬ ತಾಯಿ

ಉತ್ತರ: ಹೆಚ್ಚಿನ ಮಕ್ಕಳಿಗೆ ಚೆನ್ನಾಗೇ ಕೇಳಿಸತ್ತೆ. ಬೇಕಾದ್ರೆ ಇವತ್ತೇ ನೋಡಿ, ಕಾಗೆ ಚಿತ್ರ ಹಿಡ್ಕೊಂಡು ನೀವೇ ‘ಇದು ತಾದೆ ಅಲ್ವಾ ಪುಟ್ಟಿ?’ ಅಂತ ಕೇಳಿ. ಎಷ್ಟೋ ಮಕ್ಕಳು ಹುಬ್ಬು ಗಂಟಿಕ್ಕಿ ನಮ್ಮನ್ನೇ ತಿದ್ದೋಕೆ ಬರ್ತಾರೆ, ‘ಅಲ್ಲಾ, ತಾದೆ!’ ಅಂತ. ನಮ್ಮ ಕಿವಿಗೆ ಎರಡೂ ಒಂದೇ, ಆದ್ರೆ ಅವಳ ತಲೇಲಿ ಇರೋದು ಸರಿಯಾದ ಕಾಗೆನೇ, ಬಾಯಿಗೆ ಬರೋಷ್ಟರಲ್ಲಿ ಅದು ತಾದೆ ಆಗೋಗತ್ತೆ. 1960ರಲ್ಲಿ ಜೀನ್ ಬರ್ಕೊ ಮತ್ತೆ ರೋಜರ್ ಬ್ರೌನ್ ಅನ್ನೋ ಸಂಶೋಧಕರು ಇಂಥದ್ದೇ ಒಂದು ಮಗು ಬಗ್ಗೆ ಬರೆದಿದ್ರು. ಆ ಮಗುಗೆ ತನ್ನ ಆಟದ ಮೀನನ್ನ ‘ಫಿಶ್’ ಅನ್ನೋಕೆ ಬರ್ತಿರ್ಲಿಲ್ಲ, ‘ಫಿಸ್’ ಅಂತಿತ್ತು. ದೊಡ್ಡೋರು ‘ಇದು ನಿನ್ನ ಫಿಸ್ಸಾ?’ ಅಂತ ಕೇಳಿದ್ರೆ ಅಲ್ಲ ಅಂತಿತ್ತು, ‘ನಿನ್ನ ಫಿಶ್ಶಾ?’ ಅಂದಾಗ್ಲೇ ‘ಹೂಂ, ನನ್ನ ಫಿಸ್’ ಅಂತ ಒಪ್ಕೊಂಡಿದ್ದು. ಅಂದ್ರೆ ಕಿವಿ ಮುಂದೆ ಹೋಗಿರತ್ತೆ, ನಾಲಿಗೆ ಹಿಂದಿನಿಂದ ಬರ್ತಾ ಇರತ್ತೆ. ನೀವು ‘ಕಾಗೆ ಹೇಳು’ ಅಂದಾಗೆಲ್ಲ ಅವಳಿಗೆ ಅನ್ಸೋದು ‘ನಾನು ಅದನ್ನೇ ತಾನೇ ಹೇಳಿದ್ದು’ ಅಂತ, ಆಮೇಲೂ ಅಮ್ಮನ ಮುಖ ಅರಳದೇ ಇದ್ರೆ ಅವಳು ಓಡದೆ ಏನ್ಮಾಡ್ತಾಳೆ ಹೇಳಿ.

ಹಾಗಾದ್ರೆ ನಾಲಿಗೆಗೇನು ಕಷ್ಟ? ವರ್ಣಮಾಲೆನ ಒಂದ್ಸಲ ಬಾಯಿಬಿಟ್ಟು ಹೇಳಿ ನೋಡಿ, ಕ ಚ ಟ ತ ಪ. ಗಂಟಲ ಹತ್ರ ಶುರುವಾಗಿ ಹೆಜ್ಜೆ ಹೆಜ್ಜೆ ಮುಂದೆ ಬಂದು ತುಟೀಲಿ ಮುಗಿಯತ್ತೆ. ಮಾತು ಕಲಿಯೋ ಮಕ್ಕಳು ಹೆಚ್ಚುಕಮ್ಮಿ ಆ ಕಡೆ ತುದಿಯಿಂದ ಶುರು ಮಾಡ್ತಾರೆ. ತುಟಿಗೆ ತುಟಿ ಸೇರಿಸಿದ್ರೆ ಮ, ಬ, ಪ ಬಂತು, ಅದು ಕಣ್ಣಿಗೂ ಕಾಣತ್ತೆ. ಆಮೇಲೆ ಹಲ್ಲಿನ ಹಿಂದೆ ನಾಲಿಗೆ ತುದಿ ತಾಗಿಸಿದ್ರೆ ತ, ದ, ನ, ಅದೂ ಸ್ವಲ್ಪ ಕಾಣತ್ತೆ. ಕ, ಗ ಮಾತ್ರ ಒಳಗಡೆ ಕತ್ತಲಲ್ಲಿ ಆಗೋ ಕೆಲಸ, ನಾಲಿಗೆಯ ಹಿಂದಿನ ಭಾಗ ಮೇಲೆದ್ದು ಮೆತ್ತಗಿರೋ ಅಂಗುಳಕ್ಕೆ, ಅಂದ್ರೆ ಬಾಯಿಯ ಒಳಗಿನ ಮೇಲ್ಭಾಗಕ್ಕೆ ತಾಗಬೇಕು, ಅದೇ ಹೊತ್ತಿಗೆ ತುದಿ ಕೆಳಗೆ ಸುಮ್ಮನಿರಬೇಕು. ಚಿಕ್ಕ ಮಕ್ಕಳ ನಾಲಿಗೆ ಹಿಂದು ಮುಂದು ಅನ್ನದೆ ಇಡಿಯಾಗಿ ಒಟ್ಟಿಗೇ ಏಳತ್ತೆ, ತುದಿ ಮೊದಲು ತಾಗತ್ತೆ, ತ ಬರತ್ತೆ. ಇದು ನಾವು ತುಂಬಾ ತುಂಬಾ ನೋಡೋ ಅದಲುಬದಲು, 3 ವರ್ಷದ ಮಗೂಲಿ ಇದ್ರೆ ಗಾಬರಿ ಬೇಡ, ಹೆಚ್ಚಿನವರಲ್ಲಿ 4 ತುಂಬೋಷ್ಟರಲ್ಲಿ ತಾನಾಗೇ ಹೋಗತ್ತೆ.

ಮನೇಲಿ ಮಾಡಬೇಕಾದ್ದು ಮೊದಲನೇದು, ‘ಹೇಳು’ ಅನ್ನೋದು ನಿಲ್ಲಿಸೋದು. ಅವ್ಳು ‘ಅಮ್ಮಾ ತಾದೆ ಬಂತು’ ಅಂದ್ರೆ ನೀವು ಖುಷಿಯಾಗೇ ‘ಹೌದಲ್ಲಾ, ಕಾಗೆ ಬಂತು! ಎಷ್ಟು ದೊಡ್ಡ ಕಾಗೆ, ಎಲ್ಲಿಂದ ಬಂತಪ್ಪಾ ಕಾಗೆ’ ಅಂತ ಮಾತು ಮುಂದುವರ್ಸಿ. ಒಂದೇ ಉಸಿರಲ್ಲಿ ಮೂರು ಸಲ ಸರಿಯಾದ ಶಬ್ದ ಕಿವಿಗೆ ಬಿತ್ತು, ಅವಳು ವಾಪಸ್ ಹೇಳ್ಬೇಕು ಅನ್ನೋ ಒತ್ತಾಯ ಇಲ್ಲ. ಎರಡನೇದು ಒಂದು ಸಣ್ಣ ಉಪಾಯ. ಎರಡು ಮೂರು ತಿಂಗಳ ಕೂಸು ಅಂಗಾತ ಮಲಗ್ಕೊಂಡು ‘ಅಗೂ ಅಗೂ’ ಅನ್ನತ್ತಲ್ಲ, ಅಲ್ಲಿ ಗ ಸಲೀಸಾಗಿ ಬರೋದು ನಾಲಿಗೆ ತನ್ನ ಭಾರಕ್ಕೆ ತಾನೇ ಹಿಂದಕ್ಕೆ ಜಾರಿರೋದ್ರಿಂದ. ಅದನ್ನೇ ಈಗ್ಲೂ ಉಪಯೋಗಿಸ್ಕೊಬಹುದು, ರಾತ್ರಿ ಮಲಗೋ ಹೊತ್ತಲ್ಲಿ ಇಬ್ಬರೂ ಅಂಗಾತ ಮಲಗಿ ಸೂರು ನೋಡ್ಕೊಂಡು ಕಾಗೆ ಥರ ‘ಕಾ ಕಾ’ ಅಂತ ಕೂಗಿ. ಬಂದ್ರೆ ಬಂತು, ಬರ್ಲಿಲ್ಲ ಅಂದ್ರೆ ಹಾಗೇ ನಿದ್ದೆ ಮಾಡಿ.

ಈ ಉತ್ತರಕ್ಕೆ ಸಂಬಂಧಪಟ್ಟಿದ್ದೇ ಒಂದು ಪ್ರಸಂಗ ಹೇಳ್ಬಿಡ್ತೀನಿ. ಹೆಚ್ಚುಕಮ್ಮಿ 4 ವರ್ಷದ ಹುಡುಗಿ ಒಬ್ಬಳು ನನ್ನ ಹತ್ರ ಬರ್ತಿದ್ಲು, ಬಣ್ಣ ಹಚ್ಚೋವಾಗ ‘ತಪ್ಪು ತೊಡಿ’ ಅಂತ ಕೈ ಚಾಚ್ತಿದ್ಲು, ಕಪ್ಪು ಕೊಡಿ ಅಂತ. ಮಲಗಿ ಆಡೋ ಆಟದಲ್ಲಿ ಆಗೊಮ್ಮೆ ಈಗೊಮ್ಮೆ ಕ ಬರೋಕೆ ಶುರುವಾಗಿತ್ತು, ಆದ್ರೆ ಮಾತಲ್ಲಿ ಇರ್ಲಿಲ್ಲ. ಒಂದಿನ ಒಂದು ಗೊಂಬೆ ತಗೊಂಡು ಅದರ ಫ್ರಾಕಿನ ಮೇಲೆ ಒಂದು ಕಲೆ ಮಾಡಿ ಬಟ್ಟೆ ತುಂಡು ನಾನೇ ಹಿಡ್ಕೊಂಡೆ, ಏನು ಒರೆಸ್ಲಿ ಅಂದೆ. ‘ತಲೆ’ ಅಂದ್ಲು. ನಾನು ಗೊಂಬೆಯ ತಲೆ ಒರೆಸ್ದೆ. ಅವ್ಳು ನನ್ನ ಕೈ ಹಿಡ್ದು ಕೆಳಗೆ ಎಳೆದು, ‘ಅಲ್ಲ, ತಲೆ’ ಅಂದ್ಲು. ಮತ್ತೆ ತಲೆ ಒರೆಸ್ದೆ. ಆಗ ಅವಳು ಸುಮ್ಮನಾಗ್ಬಿಟ್ಲು, ನನ್ನ ಮುಖ ನೋಡಿದ್ಲು, ಗೊಂಬೆ ನೋಡಿದ್ಲು, ಗದ್ದ ಸ್ವಲ್ಪ ಮೇಲೆತ್ತಿ, ಗಂಟಲಲ್ಲಿ ಏನೋ ಹುಡುಕೋ ಥರ ಒಂದು ಕ್ಷಣ ತಡೆದು ‘ಕ್... ಅಲೆ’ ಅಂದ್ಲು. ಎರಡು ತುಂಡಾಗಿ ಬಂತು, ಆದ್ರೆ ಬಂತು. ನಾನು ತಕ್ಷಣ ಕಲೆ ಒರೆಸ್ದೆ. ಹತ್ತು ತಿಂಗಳು ‘ಹೇಳು ಹೇಳು’ ಅಂದ್ರೂ ಆಗದ್ದು ಅಲ್ಲಿ ಆಗೋಕೆ ಕಾರಣ ಇಷ್ಟೇ, ಕ ಬದಲು ತ ಅಂದ್ರೆ ಅರ್ಥಾನೇ ಬದಲಾಗತ್ತೆ ಅಂತ ಅವಳಿಗೇ ಗೊತ್ತಾಯ್ತು. ಕಲೆ–ತಲೆ, ಕಪ್ಪು–ತಪ್ಪು ಥರದ ಜೋಡಿಗಳು ಈ ಕೆಲಸಕ್ಕೆ ತುಂಬಾ ಒಳ್ಳೇವು. ಆದ್ರೆ ಒಂದು ಮಾತು, ಮಗುಗೆ ಆ ಶಬ್ದ ಒಂದ್ಸಲಾನಾದ್ರೂ ಬಾಯಲ್ಲಿ ಬಂದಿರಬೇಕು, ಬರೋದೇ ಇಲ್ಲ ಅಂದಾಗ ಈ ಆಟ ಆಡಿದ್ರೆ ಅದು ಬರೀ ಕಾಡಿಸಿದ ಹಾಗೆ ಆಗತ್ತೆ. ಹಾಗಾಗಿ ನಿಮ್ಮ ಮಗಳ ಜೊತೆ ಈಗ್ಲೇ ಬೇಡ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ರ ಇರೋ ಕಡೆಯೆಲ್ಲ ಲ ಅಂತಾನೆ. ರೈಲು ‘ಲೈಲು’, ಕಾರು ‘ಕಾಲು’. ನಾಲಿಗೆ ಕೆಳಗಿನ ದಾರ ಬಿಗಿಯಾಗಿದೆ, ಕಟ್ ಮಾಡಿಸ್ಬೇಕು ಅಂತ ಮನೆಯ ಹಿರಿಯರು ಹಟ ಹಿಡಿದಿದಾರೆ. ಕ್ಯಾಂಡಲ್ ಊದಿಸಿ, ಪೀಪಿ ಊದಿಸಿ ಅಂತ ಇನ್ಯಾರೋ ಹೇಳ್ತಾರೆ. ಯಾವುದು ಸರಿ? – ಗೊಂದಲದಲ್ಲಿರೋ ಅಪ್ಪ

ಉತ್ತರ: ಎರಡೂ ಬೇಡ, ಸದ್ಯಕ್ಕಂತೂ ಬೇಡವೇ ಬೇಡ.

ರ ಅನ್ನೋದು ಮಕ್ಕಳಿಗೆ ಕೊನೇಲಿ ಕೈಗೆ ಸಿಗೋ ಶಬ್ದಗಳಲ್ಲಿ ಒಂದು. ‘ಮರ’ ಅಂತ ನಿಧಾನಕ್ಕೆ ಹೇಳಿ ನೋಡಿ, ನಾಲಿಗೆ ತುದಿ ಹಲ್ಲಿನ ಹಿಂದಿನ ದಿಬ್ಬಕ್ಕೆ ಒಂದೇ ಒಂದ್ಸಲ ಚಟ್ ಅಂತ ಬಡಿದು ಕೆಳಗೆ ಬರತ್ತೆ, ಕಣ್ಣು ಮಿಟುಕಿಸೋಕಿಂತ ಬೇಗ. ಸ್ವಲ್ಪ ಹೆಚ್ಚು ಹೊತ್ತು ನಿಂತ್ರೆ ಅದು ಡ ಥರ ಆಗತ್ತೆ, ಪಕ್ಕದಿಂದ ಗಾಳಿ ಜಾರಿದ್ರೆ ಲ ಆಗತ್ತೆ, ತಾಗದೇ ಹೋದ್ರೆ ಯ ಥರ ಕೇಳಿಸತ್ತೆ. ಇನ್ನು ‘ಕರ್ರಗೆ’ ಅನ್ನೋವಾಗ ಅದೇ ತುದಿ ಗಾಳಿಗೆ ಪಟಪಟ ಅಂತ ಅದುರಬೇಕು, ಅದು ಇನ್ನೂ ಕಷ್ಟ. ಎರಡೂವರೆ ವರ್ಷದ ನಾಲಿಗೆಗೆ ಅಷ್ಟು ಹಿಡಿತ ಎಲ್ಲಿಂದ ಬರ್ಬೇಕು? ಶಾರಿನ್ ಮೆಕ್ಲಿಯಡ್, ಕ್ಯಾಥ್ರಿನ್ ಕ್ರೋ ಅನ್ನೋರು 27 ಭಾಷೆಗಳ ಮಕ್ಕಳ ಮೇಲೆ ನಡೆದಿದ್ದ ಅಧ್ಯಯನಗಳನ್ನ ಒಟ್ಟು ಹಾಕಿ 2018ರಲ್ಲಿ ಪ್ರಕಟಿಸಿದ್ರು. ಹೆಚ್ಚಿನ ಭಾಷೆಗಳಲ್ಲಿ ಮಕ್ಕಳು 5 ವರ್ಷಕ್ಕೆ ಬಹುಪಾಲು ವ್ಯಂಜನಗಳನ್ನ ಸರಿಯಾಗಿ ಹೇಳೋಕೆ ಕಲ್ತಿರ್ತಾರೆ, ಆದ್ರೆ ಈ ಅದುರೋ, ಬಡಿಯೋ ಶಬ್ದಗಳು, ಸ ಥರದ ಗಾಳಿ ಉಜ್ಜೋ ಶಬ್ದಗಳು ಪ, ಮ, ನ ಥರದವಕ್ಕಿಂತ ಲೇಟಾಗೇ ಬರ್ತವೆ ಅಂತ ಅದ್ರಲ್ಲಿ ಗೊತ್ತಾಗಿದ್ದು. ನಿಮ್ಮ ಮಗನಿಗೆ ಇನ್ನೂ ಬೇಕಾದಷ್ಟು ಟೈಮ್ ಇದೆ.

ನಾಲಿಗೆ ದಾರದ ವಿಷಯ. ಅವನು ನಾಲಿಗೆನ ಕೆಳತುಟಿ ದಾಟಿಸಿ ಹೊರಗೆ ಚಾಚ್ತಾನಾ? ಮೇಲ್ತುಟಿ ನೆಕ್ಕೋಕಾಗತ್ತಾ? ಚಾಚಿದಾಗ ತುದಿ ಮಧ್ಯದಲ್ಲಿ ಒಳಗೆ ಎಳೆದ ಹಾಗಾಗಿ ಹೃದಯದ ಆಕಾರ ಆಗತ್ತಾ? ಮೊದಲಿನ ಎರಡು ಆಗತ್ತೆ, ಮೂರನೇದು ಇಲ್ಲ ಅಂದ್ರೆ ದಾರದ ಮಾತೇ ಬಿಟ್ಬಿಡಿ. ಬಿಗಿ ಇದ್ರೂ ಬಹಳಷ್ಟು ಮಕ್ಕಳು ಸ್ಪಷ್ಟವಾಗೇ ಮಾತಾಡ್ತಾರೆ, ನಾಲಿಗೆ ತನಗೆ ಎಟುಕೋ ದಾರಿ ಹುಡುಕ್ಕೊಳತ್ತೆ. ಮಾತು ಶುರುವಾಗೋದು ತಡ ಆಯ್ತು ಅನ್ನೋದಕ್ಕಂತೂ ಅದು ಕಾರಣ ಅಲ್ವೇ ಅಲ್ಲ. ನಿಜವಾಗ್ಲೂ ತುಂಬಾ ಬಿಗಿ ಅನ್ಸಿದ್ರೆ ಸ್ಪೀಚ್ ಥೆರಪಿಸ್ಟ್ ಮತ್ತೆ ಇಎನ್‌ಟಿ ಡಾಕ್ಟರ್ ಇಬ್ರೂ ನೋಡ್ಲಿ, ಇಬ್ರೂ ಬೇಕು ಅಂದ್ರೆ ಆಮೇಲೆ ಯೋಚನೆ ಮಾಡಿ.

ಊದೋದು, ಕೆನ್ನೆ ಉಬ್ಬಿಸೋದು, ನಾಲಿಗೆ ಆಚೆ ಈಚೆ ಆಡಿಸೋದು, ಇವೆಲ್ಲ ಮಕ್ಕಳಿಗೆ ಇಷ್ಟ ಆದ್ರೆ ಆಡ್ಲಿ, ಆದ್ರೆ ಅದರಿಂದ ರ ಬರತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಪೀಪಿ ಊದೋಕೆ ಬೇಕಾದ ಕೆಲಸ ಬೇರೆ, ರ ಹೇಳೋಕೆ ಬೇಕಾದ ಕೆಲಸ ಬೇರೆ. ಶಬ್ದ ಕಲಿಯೋದು ಶಬ್ದದಿಂದಾನೇ. 4 ದಾಟಿದ ಮೇಲೂ ಸುಳಿವೇ ಇಲ್ಲ ಅಂದ್ರೆ ಆಗ ಡ ಇಂದ ಶುರು ಮಾಡ್ಬಹುದು, ‘ಅಡ ಅಡ ಅಡ’ ಅಂತ ಮೆಲ್ಲಗೆ ಶುರು ಮಾಡಿ ಬೇಗ ಬೇಗ, ಹಗುರವಾಗಿ ಹೇಳ್ತಾ ಹೋದ್ರೆ ಎಷ್ಟೋ ಮಕ್ಕಳಲ್ಲಿ ಅದು ತಾನಾಗೇ ರ ಕಡೆ ಜಾರತ್ತೆ.

ಪ್ರಶ್ನೆ: ಮೊಮ್ಮಗನ ಜೊತೆ ನಾನೂ ನನ್ನ ಹೆಂಡತೀನೂ ಅವನ ಹಾಗೇ ತೊದಲುತ್ತಾ ಮಾತಾಡ್ತೀವಿ. ಹಾಗೆ ಮಾಡಿದ್ರೆ ಅವನು ಅದನ್ನೇ ಕಲೀತಾನೆ ಅಂತ ಮಗ ಸಿಟ್ಟಾಗ್ತಾನೆ. – ತಾತ

ಉತ್ತರ: ತಾತ, ನಿಮ್ಮದೂ ಅರ್ಧ ಸರಿ, ಮಗನದೂ ಅರ್ಧ ಸರಿ. ನೀವು ಅವನ ಜೊತೆ ದನಿ ಏರಿಸಿ ಇಳಿಸಿ, ಎಳೆದು ಎಳೆದು, ಹಾಡಿನ ಥರ ಮಾತಾಡ್ತೀರಲ್ಲ, ಅದನ್ನ ಖಂಡಿತ ಬಿಡ್ಬೇಡಿ. 4 ತಿಂಗಳ ಕೂಸುಗಳೂ ಸಾಮಾನ್ಯ ಮಾತಿಗಿಂತ ಅಂಥ ಮಾತನ್ನೇ ಕೇಳೋಕೆ ಇಷ್ಟಪಡ್ತಾವೆ ಅಂತ ಆನ್ ಫರ್ನಾಲ್ಡ್ ಅನ್ನೋ ಸಂಶೋಧಕಿ 1985ರಲ್ಲೇ ತೋರಿಸಿದಾರೆ. ರಾಗ ಹಾಗೇ ಇರ್ಲಿ, ಶಬ್ದ ಮಾತ್ರ ಸರಿಯಾದ್ದು ಇರ್ಲಿ. ಅವನು ‘ತುತುಲೆ’ ಅಂದ್ರೆ ನೀವು ಅದೇ ರಾಗದಲ್ಲಿ ‘ಕುದುರೇ... ಕುದುರೆ ಬಂತಾ’ ಅನ್ನಿ. ಮತ್ತೆ ಒಂದು ಕೆಲಸ ಮಾಡಿ, ಅವನ ಈಗಿನ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳಿ. ‘ತುತುಲೆ’ ಒಂದಿನ ಹೇಳದೆ ಕೇಳದೆ ಕುದುರೆ ಆಗ್ಬಿಡತ್ತೆ, ಆಮೇಲೆ ಎಷ್ಟು ಬೇಕು ಅಂದ್ರೂ ಸಿಗಲ್ಲ.

ಪ್ರಶ್ನೆ: 3 ವರ್ಷದ ಅವಳಿ ಮಕ್ಕಳು. ಬಿಡಿ ಅಕ್ಷರಗಳೆಲ್ಲ ಬರ್ತವೆ, ಒತ್ತಕ್ಷರ ಬಂದ ಕೂಡ್ಲೇ ಮುರಿದುಹೋಗತ್ತೆ. ಪುಸ್ತಕ ‘ಪುತ್ತಕ’, ಚಕ್ರ ‘ಚಕ್ಕ’, ಕುರ್ಚಿ ‘ಕುಚ್ಚಿ’. ಚಪ್ಪಲಿ ಅಂತೂ ‘ಪಚ್ಚಲಿ’. ಮಹಾಪ್ರಾಣ ಒಂದೂ ಇಲ್ಲ. – ಅಮ್ಮ

ಉತ್ತರ: ಈ ಪತ್ರ ಓದಿ ನಂಗೆ ತುಂಬಾ ಖುಷಿ ಆಯ್ತು, ಯಾಕಂದ್ರೆ ನಿಮ್ಮ ಮಕ್ಕಳು ಮಾಡ್ತಿರೋದು ತಪ್ಪು ಅನ್ನೋಕಿಂತ ಒಂದು ನಿಯಮ. ನೋಡಿ, ಅವರು ಒತ್ತಕ್ಷರನ ಬಿಟ್ಟುಬಿಟ್ಟಿಲ್ಲ. ‘ಪುತಕ’ ಅಂತಿಲ್ಲ, ‘ಪುತ್ತಕ’ ಅಂತಿದಾರೆ. ಅಲ್ಲಿ ಎರಡು ವ್ಯಂಜನ ಇದೆ ಅಂತ ಕಿವಿಗೆ ಗೊತ್ತಿದೆ, ಎರಡು ಬೇರೆ ಬೇರೆ ವ್ಯಂಜನನ ಅಂಟಿಸೋದು ಕಷ್ಟ ಅಂತ ಒಂದನ್ನೇ ಎರಡು ಸಲ ಹಾಕಿ ಆ ಜಾಗ ತುಂಬಿಸಿದಾರೆ. ಕುರ್ಚಿ–ಕುಚ್ಚಿ, ಚಕ್ರ–ಚಕ್ಕ, ಎಲ್ಲ ಕಡೆ ಅದೇ ಲೆಕ್ಕ. ಶಾಲೇಲಿ ನಾವೆಲ್ಲ ಉರು ಹೊಡೆದ ತತ್ಸಮ–ತದ್ಭವ ಪಟ್ಟಿ ನೆನಪಿದ್ಯಾ? ಪುಸ್ತಕ–ಹೊತ್ತಗೆ, ಪಕ್ಷಿ–ಹಕ್ಕಿ, ಅಗ್ನಿ–ಅಗ್ಗಿ, ಕಾರ್ಯ–ಕಜ್ಜ, ಆಶ್ಚರ್ಯ–ಅಚ್ಚರಿ. ಸ್ತ ಹೋಗಿ ತ್ತ, ಕ್ಷ ಹೋಗಿ ಕ್ಕ. ನೂರಾರು ವರ್ಷ ಜನರ ನಾಲಿಗೆ ಯಾವ ದಾರೀಲಿ ಹೋಯ್ತೋ ನಿಮ್ಮ ಅವಳಿಗಳು ಒಂದು ವರ್ಷದಲ್ಲಿ ಅದೇ ದಾರಿ ಹಿಡಿದಿದಾರೆ. ಮಹಾಪ್ರಾಣದ್ದೂ ಅದೇ ಕಥೆ, ಘಂಟೆ ಗಂಟೆ ಆಗಿಲ್ವಾ? ದಿನದ ಮಾತಲ್ಲಿ ನಮ್ಮಲ್ಲೇ ಎಷ್ಟೋ ಜನ ಮಹಾಪ್ರಾಣಕ್ಕೆ ಉಸಿರು ಕೊಡಲ್ಲ, ಮಕ್ಕಳು ಕೇಳಿದ್ದನ್ನೇ ಹೇಳ್ತಾರೆ. ಅದನ್ನ ಓದು ಬರಹ ಕಲಿಯೋ ಕಾಲಕ್ಕೆ ಬಿಡಿ.

‘ಪಚ್ಚಲಿ’ ಬೇರೆ ಥರದ್ದು, ಅಕ್ಷರಗಳು ಜಾಗ ಬದಲಾಯಿಸಿಕೊಂಡಿರೋದು. ತುಟಿ ಶಬ್ದ ಸುಲಭ, ಹಾಗಾಗಿ ಅದು ಮುಂದೆ ಓಡಿ ಬಂದಿದೆ. ಉದ್ದ ಪದಗಳಲ್ಲಿ ಇದು ಸಹಜ. ಇದಕ್ಕೆ ಏನೂ ಮಾಡ್ಬೇಡಿ, ಸುಮ್ನೆ ಕೈಯಲ್ಲಿ ತಾಳ ಹಾಕ್ಕೊಂಡು ಚಪ್–ಪ–ಲಿ ಅಂತ ಹೇಳ್ಕೊಂಡು ಚಪ್ಪಲಿ ಹಾಕಿಸಿ, ಸಾಕು.

ಪ್ರಶ್ನೆ: ಮಗಳಿಗೆ 4 ವರ್ಷ 8 ತಿಂಗಳು. ಳ ಬರಲ್ಲ, ಮಳೆಗೆ ‘ಮಲೆ’, ಬಳೆಗೆ ‘ಬಲೆ’. ಸ ಹೇಳೋವಾಗ ನಾಲಿಗೆ ಹಲ್ಲಿನ ಮಧ್ಯೆ ಹೊರಗೆ ಬರತ್ತೆ, ಶ ಮತ್ತೆ ಷ ಎರಡಕ್ಕೂ ಒಂದೇ ಥರ ಅಂತಾಳೆ. ಕ್ಲಾಸಲ್ಲಿ ಮೇಷ್ಟ್ರು ಎಲ್ಲರ ಮುಂದೆ ನಿಲ್ಲಿಸಿ ‘ಮಳೆ ಹೇಳು’ ಅಂತ ಹೇಳಿಸಿದ್ರಂತೆ, ಮಕ್ಕಳೆಲ್ಲ ನಕ್ಕರಂತೆ. ಎರಡು ವಾರದಿಂದ ಅಲ್ಲಿ ಒಂದು ಮಾತೂ ಆಡ್ತಿಲ್ಲ. ಮನೇಲೂ ಕಮ್ಮಿ ಆಗಿದೆ. ನಂಗೆ ಅಳು ಬರತ್ತೆ. – ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಳ, ಸ, ಶ ಎಲ್ಲಕ್ಕಿಂತ ನಂಗೆ ಕಂಡಿದ್ದು ಆ ಕೊನೇ ಮೂರು ಸಾಲು. ಅಕ್ಷರಕ್ಕೆ ಕಾಯೋಕಾಗತ್ತೆ, ಮಾತು ನಿಲ್ಲಿಸಿರೋ ಮಗುಗೆ ಕಾಯೋಕಾಗಲ್ಲ. ಹಾಗಾಗಿ ಮೊದಲು ಅದೇ.

ನಾಳೇನೇ ಹೋಗಿ ಆ ಮೇಷ್ಟ್ರ ಹತ್ರ ಒಬ್ಬರೇ ಕೂತು ಮಾತಾಡಿ. ಬೈಯೋಕಲ್ಲ, ಅವರು ಒಳ್ಳೇದು ಮಾಡ್ತಿದೀನಿ ಅಂದ್ಕೊಂಡೇ ಮಾಡಿರ್ತಾರೆ. ಇಷ್ಟು ಹೇಳಿ ಸಾಕು: ಅವಳನ್ನ ಎಲ್ಲರ ಮುಂದೆ ಹೇಳಿಸ್ಬೇಡಿ, ಅವಳು ಏನಾದ್ರೂ ಹೇಳಿದ್ರೆ ಹೇಗೆ ಹೇಳಿದ್ಲು ಅನ್ನೋದು ಬಿಟ್ಟು ಏನು ಹೇಳಿದ್ಲು ಅನ್ನೋದಕ್ಕೆ ಉತ್ತರ ಕೊಡಿ, ಯಾರಾದ್ರೂ ನಕ್ಕರೆ ನಗೋದನ್ನ ನಿಲ್ಸಿ. ಹೌದು–ಇಲ್ಲ ಅನ್ನೋ ಪ್ರಶ್ನೆ, ಅಥವಾ ‘ಇದಾ, ಅದಾ’ ಅನ್ನೋ ಪ್ರಶ್ನೆ ಕೇಳಿದ್ರೆ ಅವಳಿಗೆ ವಾಪಸ್ ಬರೋಕೆ ಸುಲಭ. ಮನೇಲಿ ಸ್ವಲ್ಪ ದಿನ ಯಾವ ಅಕ್ಷರಾನೂ ತಿದ್ದಬೇಡಿ, ಒಂದೂ. ಅಣ್ಣ ಅಕ್ಕ ಇದ್ರೆ ಅವರಿಗೂ ಹೇಳಿ. ಅವಳ ಕಣ್ಣ ಎತ್ತರಕ್ಕೆ ಕೂತು ಅವಳು ಹೇಳೋ ತನಕ ಕಾಯಿರಿ, ಅರ್ಥ ಆಗ್ಲಿಲ್ಲ ಅಂದ್ರೆ ‘ತೋರ್ಸು ಬಾ’ ಅನ್ನಿ. ಇಷ್ಟೆಲ್ಲ ಆದ್ಮೇಲೂ ಹೊರಗೆ ಮಾತಾಡದೆ ಇರೋದು ಒಂದು ತಿಂಗಳು ದಾಟಿದ್ರೆ ಅದನ್ನ ಥೆರಪಿಸ್ಟ್‌ಗೆ ಬೇರೆಯಾಗೇ ಹೇಳಿ, ಅದು ಉಚ್ಚಾರಣೆ ವಿಷಯ ಅಲ್ಲ, ಭಯದ ವಿಷಯ.

ಈಗ ಅಕ್ಷರಗಳು. ಳ ವಿಷಯದಲ್ಲಿ ಮೊದಲು ಮನೇಲಿ ದೊಡ್ಡೋರು ಹೇಗೆ ಹೇಳ್ತೀರ ಅಂತ ಕಿವಿಗೊಟ್ಟು ಕೇಳ್ಕೊಳಿ, ಎಷ್ಟೋ ಮನೆಗಳಲ್ಲಿ ದೊಡ್ಡೋರ ಮಾತಲ್ಲೇ ಳ ಸವೆದು ಲ ಆಗಿರತ್ತೆ, ಮಗು ತನ್ನ ಮನೆ ಮಾತನ್ನ ಸರಿಯಾಗೇ ಕಲ್ತಿರತ್ತೆ. ನೀವೆಲ್ಲ ಸ್ಪಷ್ಟವಾಗಿ ಳ ಅಂತೀರ ಅಂದ್ರೆ ಅವಳ ಕಿವೀಲಿ ಅದು ಕೂಸಾಗಿದ್ದಾಗಿಂದ ಬೀಳ್ತಾ ಬಂದಿದೆ. ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಅನ್ನೋರ 1984ರ ಒಂದು ಪ್ರಯೋಗ ಇದೆ. ಇಂಗ್ಲಿಷ್ ಮನೆಗಳ 6–8 ತಿಂಗಳ ಕೂಸುಗಳು ಹಿಂದಿಯ ಟ, ತ ಎರಡನ್ನೂ ಬೇರೆ ಬೇರೆ ಅಂತ ಗುರುತಿಸ್ತಿದ್ವು, 10–12 ತಿಂಗಳ ಹೊತ್ತಿಗೆ ಆ ಶಕ್ತಿ ಕುಂದಿಹೋಗಿತ್ತು, ಯಾಕಂದ್ರೆ ಅವರ ಮನೆ ಮಾತಲ್ಲಿ ಆ ವ್ಯತ್ಯಾಸ ಬೇಕಾಗಿರ್ಲಿಲ್ಲ. ಹಿಂದಿ ಮನೆಗಳ ಕೂಸುಗಳಲ್ಲಿ ಅದು ಉಳಿದಿತ್ತು. ನಿಮ್ಮ ಮಗಳು ನಾಲಿಗೆ ಮಡಿಸೋ ಶಬ್ದಗಳ ನಡುವೆನೇ ಬೆಳೆದೋಳು, ಕಿವಿ ತಯಾರಾಗೇ ಇರತ್ತೆ. ಅವಳಿಗೆ ‘ಕಣ್ಣು’, ‘ಬಣ್ಣ’ ಸರಿಯಾಗಿ ಬರತ್ತಾ ನೋಡಿ. ಬಂದ್ರೆ ಅರ್ಧ ಕೆಲಸ ಮುಗೀತು, ಯಾಕಂದ್ರೆ ಣ ಹೇಳೋವಾಗ ನಾಲಿಗೆ ಎಲ್ಲಿ ಮಡಚ್ಕೊಂಡು ನಿಲ್ಲತ್ತೋ ಳಗೂ ಹೆಚ್ಚುಕಮ್ಮಿ ಅದೇ ಜಾಗ, ಣದಲ್ಲಿ ದನಿ ಮೂಗಿಂದ ಹೋಗತ್ತೆ, ಳದಲ್ಲಿ ನಾಲಿಗೆಯ ಪಕ್ಕದಿಂದ. ಕನ್ನಡದಲ್ಲಿ ಳ ಪದದ ಶುರುವಲ್ಲಿ ಬರೋದೇ ಇಲ್ಲ, ಹಾಗಾಗಿ ಬಿಡಿಯಾಗಿ ‘ಳ ಹೇಳು’ ಅನ್ನೋದು ಬೇಡ, ‘ಅಳ’, ‘ಇಳಿ’, ‘ಮಳೆ’ ಥರ ಎರಡು ಸ್ವರದ ಮಧ್ಯೆ ಇಟ್ಟು ಆಡಿ, ಅದೂ ಅವಳು ಮತ್ತೆ ಮಾತಿಗೆ ಬಂದ ಮೇಲೆ, ಅವಳಿಗೆ ಮನಸ್ಸಿದ್ರೆ.

ಸ ಹೇಳೋವಾಗ ನಾಲಿಗೆ ಹಲ್ಲಿನ ಮಧ್ಯೆ ಬರೋದು ಈ ವಯಸ್ಸಿನ ಸುಮಾರು ಮಕ್ಕಳಲ್ಲಿ ಇರತ್ತೆ, ಸ್ವಲ್ಪ ಕಾದು ನೋಡ್ಬಹುದು. ‘ಹಲ್ಲಿನ ಗೇಟ್ ಹಾಕಿ ಹಾವಿನ ಥರ ಸ್ಸ್ಸ್’ ಅಂತ ಕನ್ನಡಿ ಮುಂದೆ ಆಡಿದ್ರೆ ಕೆಲವರಿಗೆ ಅಷ್ಟೇ ಸಾಕಾಗತ್ತೆ. ಆದ್ರೆ ಗಾಳಿ ಕೆನ್ನೆ ಪಕ್ಕದಿಂದ ಸೋರಿ, ಬಾಯಲ್ಲಿ ನೀರು ತುಂಬ್ಕೊಂಡು ಹೇಳಿದ ಥರ ಒದ್ದೆ ಒದ್ದೆ ಕೇಳಿಸ್ತಿದ್ರೆ ಅದು ತಾನಾಗೇ ಹೋಗೋದು ಕಮ್ಮಿ, ಅದಕ್ಕೆ ಥೆರಪಿ ಬೇಕು. ಶ, ಷ ವ್ಯತ್ಯಾಸ ದಯವಿಟ್ಟು ಬಿಟ್ಬಿಡಿ, ದೊಡ್ಡೋರೇ ಬಹಳಷ್ಟು ಜನ ಮಾತಲ್ಲಿ ಎರಡನ್ನೂ ಒಂದೇ ಥರ ಹೇಳೋದು.

ಒಟ್ಟಿನಲ್ಲಿ ಒಮ್ಮೆ ಥೆರಪಿಸ್ಟ್‌ನ ನೋಡಿ ಅಂತಲೇ ನನ್ನ ಸಲಹೆ. ಬರೀ ಳ ಒಂದೇ ಆಗಿದ್ರೆ ಇನ್ನೂ ಕಾಯಿರಿ ಅಂತಿದ್ದೆ, ಆದ್ರೆ ಮಗುಗೇ ಅದು ನೋವಾಗೋಕೆ ಶುರುವಾದ ಮೇಲೆ ವಯಸ್ಸಿನ ಲೆಕ್ಕ ಹಾಕ್ತಾ ಕೂರಬಾರ್ದು.

ಪ್ರಶ್ನೆ: ಮನೇಲಿ ಎರಡು ಭಾಷೆ ಆಡ್ತೀವಿ. ಅದಕ್ಕೇ ಮಗು ಮಾತು ಅಸ್ಪಷ್ಟ, ಒಂದು ಭಾಷೆ ಬಿಡಿ ಅಂತಾರೆ. ಬಿಡ್ಬೇಕಾ?

ಉತ್ತರ: ಬೇಡ. ಎರಡು ಭಾಷೆಯಿಂದ ಉಚ್ಚಾರಣೆ ಕೆಡಲ್ಲ. ಒಂದು ಭಾಷೆಯ ಶಬ್ದ ಇನ್ನೊಂದರಲ್ಲಿ ಸ್ವಲ್ಪ ದಿನ ನುಸುಳಬಹುದು, ಅಷ್ಟೇ. ನಿಜವಾದ ತೊಂದರೆ ಇದ್ರೆ ಅದು ಎರಡೂ ಭಾಷೆಯಲ್ಲಿ ಕಾಣತ್ತೆ, ಅದನ್ನೇ ನೋಡಿ. ನಿಮಗೆ ಸರಾಗವಾಗಿ ಬರೋ ಭಾಷೇಲಿ ಮಗು ಜೊತೆ ಮಾತಾಡಿ.

ಪ್ರಶ್ನೆ: ಮಗನಿಗೆ 2 ವರ್ಷ 4 ತಿಂಗಳು. ಐದಾರು ಪದ ಬಿಟ್ರೆ ‘ಆ’, ‘ಊ’ ಅಂತ ಕೈ ತೋರಿಸ್ತಾನೆ. ಆಗಾಗ ನೆಗಡಿ, ಕಿವಿ ನೋವು. ಅವನ ಅಪ್ಪಾನೂ ಲೇಟಾಗೇ ಮಾತಾಡಿದ್ದು, ಬರತ್ತೆ ಬಿಡು ಅಂತ ಎಲ್ಲರೂ ಅಂತಾರೆ. ಬಾಗಿಲು ಬಡಿದ್ರೆ ತಿರುಗಿ ನೋಡ್ತಾನೆ, ಹಾಗಾಗಿ ಕಿವಿ ಸರಿ ಇದೆ ಅಲ್ವಾ? – ಕಾಯ್ತಾ ಇರೋ ಅಮ್ಮ

ಉತ್ತರ: ದಯವಿಟ್ಟು ಇನ್ನು ಕಾಯಬೇಡಿ. ಮೇಲಿನ ಎಲ್ಲ ಉತ್ತರಗಳಲ್ಲಿ ‘ಟೈಮ್ ಇದೆ’ ಅಂತ ಬರೆದೋಳೇ ನಾನು, ನಿಮಗೆ ಮಾತ್ರ ಹಾಗೆ ಬರೆಯಲ್ಲ. ಆ ಮಕ್ಕಳೆಲ್ಲ ತುಂಬಾ ಮಾತಾಡ್ತಾರೆ, ಶಬ್ದ ಮಾತ್ರ ತಪ್ಪು. ನಿಮ್ಮ ಮಗನ ಹತ್ರ ಮಾತೇ ಕಮ್ಮಿ ಇದೆ. 2 ವರ್ಷಕ್ಕೆ ಸುಮಾರು 50 ಪದ, ‘ಅಮ್ಮ ಬಾ’, ‘ಚೆಂಡು ಕೊಡು’ ಥರ ಎರಡು ಪದ ಸೇರಿಸೋದು, ಇಷ್ಟನ್ನ ನಾವು ನೋಡ್ತೀವಿ. ಹೊರಗಿನೋರಿಗೆ 2 ವರ್ಷದ ಮಗು ಮಾತು ಸುಮಾರು ಅರ್ಧ, 3ಕ್ಕೆ ಮುಕ್ಕಾಲು, 4ಕ್ಕೆ ಹೆಚ್ಚುಕಮ್ಮಿ ಪೂರ್ತಿ ಅರ್ಥ ಆಗ್ಬೇಕು ಅನ್ನೋದು ಒಂದು ಒರಟು ಲೆಕ್ಕ.

ಬಾಗಿಲ ಸದ್ದಿಗೆ ತಿರುಗೋದು ಕಿವಿ ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಪದೇ ಪದೇ ನೆಗಡಿ, ಕಿವಿ ನೋವು ಬರೋ ಮಕ್ಕಳಲ್ಲಿ ಕಿವಿ ತಮಟೆಯ ಹಿಂದೆ ಅಂಟು ದ್ರವ ತುಂಬ್ಕೊಂಡು ಉಳೀಬಹುದು. ನೋವಿರಲ್ಲ, ಸೋರಲ್ಲ, ಹಾಗಾಗಿ ಮನೆಯೋರಿಗೆ ಗೊತ್ತಾಗಲ್ಲ. ಎರಡೂ ಕಿವಿಗೆ ಬೆರಳಿಟ್ಕೊಂಡು ಯಾರಾದ್ರೂ ಮೆಲ್ಲಗೆ ‘ಸೀಸೆ’ ಅಂದ್ರೆ ಹೇಗೆ ಕೇಳಿಸತ್ತೆ ನೋಡಿ, ದಪ್ಪ ದಪ್ಪ ಸ್ವರ ಕೇಳಿಸತ್ತೆ, ಸ ಕಳೆದೇ ಹೋಗತ್ತೆ. ಬಾಗಿಲ ಸದ್ದು ಆದ್ರೂ ಕೇಳಿಸತ್ತೆ. ಒಂದಿನ ಚೆನ್ನಾಗಿ ಕೇಳಿಸಿ ಇನ್ನೊಂದಿನ ಕೇಳಿಸದೇ ಇರೋದೂ ಇದೆ, ಆಗ ಮನೆಯೋರು ‘ಬೇಕಂತ್ಲೇ ಕೇಳಿಸ್ಕೊಳಲ್ಲ’ ಅಂತಾರೆ.

ಆಡಿಯಾಲಜಿಸ್ಟ್, ಅಂದ್ರೆ ಕಿವಿ ಎಷ್ಟು ಕೇಳಿಸತ್ತೆ ಅಂತ ಪರೀಕ್ಷೆ ಮಾಡೋರ ಹತ್ರ ಹೋಗಿ, ಟಿಂಪನೋಮೆಟ್ರಿ ಮತ್ತೆ ಓಎಇ ಮಾಡಿಸ್ಬೇಕು ಅಂತ ಕೇಳಿ. ಮೊದಲನೇದ್ರಲ್ಲಿ ಕಿವಿ ತಮಟೆ ಸರಿಯಾಗಿ ಅಲುಗಾಡತ್ತಾ ಅಂತ, ಎರಡನೇದ್ರಲ್ಲಿ ಒಳಕಿವಿ ಸದ್ದಿಗೆ ಸ್ಪಂದಿಸತ್ತಾ ಅಂತ ಗೊತ್ತಾಗತ್ತೆ. ಕಿವಿ ತುದೀಲಿ ಒಂದು ಮೆತ್ತನೆ ಬಿರಡೆ ಇಟ್ಟು ನೋಡೋದು, ನೋವಿಲ್ಲ, ನಿಮ್ಮ ತೊಡೆ ಮೇಲೇ ಕೂತಿರಬಹುದು, ಸುಮ್ಮನೆ ಕೂತ್ರೆ ಕೆಲವೇ ನಿಮಿಷ. ಬೇರೆ ಏನು ಟೆಸ್ಟ್ ಬೇಕು ಅಂತ ಅವರೇ ಹೇಳ್ತಾರೆ. ದ್ರವ ಇದ್ರೆ ಇಎನ್‌ಟಿ ಡಾಕ್ಟರ್ ನೋಡ್ಕೊತಾರೆ, ಎಷ್ಟೋ ಸಲ ಅದು ತಾನಾಗೇ ಇಳಿಯತ್ತೆ, ಆದ್ರೆ ಇಳೀತಾ ಇಲ್ವಾ ಅಂತ ಯಾರಾದ್ರೂ ನೋಡ್ತಾ ಇರಬೇಕು. ಕಿವಿ ಸರಿ ಇದೆ ಅಂತ ಬಂದ್ರೂ ಸ್ಪೀಚ್ ಥೆರಪಿಸ್ಟ್ ಭೇಟಿ ಬಿಡ್ಬೇಡಿ. ಹೋಗೋವಾಗ ಮೂರು ವಿಷಯ ಬರ್ಕೊಂಡು ಹೋಗಿ: ಹೆಸರು ಕರೆದ್ರೆ ತಿರುಗ್ತಾನಾ, ತನಗೆ ಇಷ್ಟ ಆಗಿದ್ದನ್ನ ಬೆರಳು ಮಾಡಿ ನಿಮಗೆ ತೋರಿಸ್ತಾನಾ, ಮುಂಚೆ ಬರ್ತಿದ್ದ ಪದ ಯಾವುದಾದ್ರೂ ಈಗ ನಿಂತಿದ್ಯಾ. ಮಾತಾಡೋವಾಗ ದನಿ ಪೂರ್ತಿ ಮೂಗಿಂದ ಬಂದ ಹಾಗಿದ್ರೆ ಅದನ್ನೂ ಹೇಳಿ, ಅಂಗುಳ ನೋಡಬೇಕಾಗತ್ತೆ. ಅವನಪ್ಪ ಲೇಟಾಗಿ ಮಾತಾಡಿದ್ದೂ ಹೇಳಿ, ಅದು ಸುಮ್ಮನಿರೋಕೆ ಕಾರಣ ಅಲ್ಲ, ಅವರು ಕೇಳೇ ಕೇಳೋ ವಿಷಯ.

ಈ ವಾರಾನೇ ಅಪಾಯಿಂಟ್‌ಮೆಂಟ್ ತಗೊಳಿ. ರಿಪೋರ್ಟ್ ಕೈಗೆ ಬಂದ ದಿನ ನಂಗೆ ಬರೀರಿ, ಮನೇಲಿ ಏನು ಮಾಡೋದು ಅಂತ ಅದನ್ನ ನೋಡ್ಕೊಂಡು ಹೇಳ್ತೀನಿ.